ಫ್ರೀಜರಿನಲ್ಲಿ ಕುರಿಮಾಂಸ

ತಂತಾ ಊರಿನ ನಮ್ಮ ಪ್ರಯೋಗಾಲಯದಲ್ಲಿ ಡಾಕ್ಟರ್ ಇನ್ಶಿರಾಹ್ ಹತ್ತೊಂಬತ್ತು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಕಾಲುವೆ ನೀರಿನಲ್ಲಿ ನಿಂತು ಭತ್ತ ಬೆಳೆಯುವ ರೈತರಿಗೆ, ಆ ನೀರಿನ ಹುಳು ಮೈಹೊಕ್ಕು, ಮೂತ್ರಕೋಶದ ಕ್ಯಾನ್ಸರ್ ಬಂದಾಗ ಅವರ ಜೀನುಗಳಲ್ಲಿ ಕೆಡುವುದು ಏನು? ಅದಕ್ಕಾಗಿ ನಾನೂರು ರೈತರ ಗಡ್ಡೆಯ ಚೂರುಗಳನ್ನು, ಒಂದೊಂದನ್ನೂ ಹೆಸರು ಬರೆದ ಕೊಳವೆಯಲ್ಲಿಟ್ಟು, ಫ್ರೀಜರಿನಲ್ಲಿ ಕಾಪಾಡಿದ್ದರು.

ಬಕ್ರೀದ್ ರಜೆ ಮುಗಿಸಿ ಬಂದರೆ ಫ್ರೀಜರ್ ತುಂಬ ಕುರಿಮಾಂಸ. ಚೂರುಗಳೆಲ್ಲ ನೆಲದ ಮೇಲೆ ಕರಗಿ ನಾರುತ್ತಿದ್ದವು.

"ಮನೆ ಫ್ರಿಜ್ಜಲ್ಲಿ ಜಾಗ ಇರ್ಲಿಲ್ಲಮ್ಮ," ಎಂದ ಪ್ರಯೋಗಾಲಯದ ನಿರ್ದೇಶಕ ಡಾಕ್ಟರ್ ಬಹ್ಗತ್. "ಹಳೇ ಡಬ್ಬ ತಾನೇ? ರೈತರಿಗೇನು ಬರಾನಾ, ಹೊಸದು ತಗೊಂಡ್ರಾಯ್ತು. ಹಿಡಿ, ನಿನ್ನ ಪಾಲು."

ಆ ಮನುಷ್ಯ ನಗುತ್ತಿದ್ದ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಇನ್ಶಿರಾಹ್ ಅವನು ಚಾಚಿದ ಮಾಂಸದ ಪೊಟ್ಟಣ ಮುಟ್ಟಲಿಲ್ಲ. ನೆಲದಿಂದ ಒಂದು ಕೊಳವೆ ಎತ್ತಿ ಅವನ ಕೈಗಿಟ್ಟರು.

"ಇವ್ರು ಹಾಜಿ ಗಬಾಶಿ. ಮೊಮ್ಮಕ್ಕಳಾದ್ರೂ ಬದುಕ್ಲಿ ಅಂತ ತಮ್ಮ ಮೈಯ ಮಾಂಸಾನೇ ಕೊಟ್ಟು ಸತ್ರು. ಅದನ್ನ ಬಿಸಾಕಿ ಕುರಿ ಹಂಚ್ತಿದ್ದೀರಲ್ಲ, ಇದ್ಯಾವ ಕುರ್ಬಾನಿ ಡಾಕ್ಟ್ರೇ?"

ನಾವು ಹನ್ನೊಂದು ಜನ ಅಲ್ಲೇ ನಿಂತಿದ್ದೆವು. ಎಲ್ಲರ ಕೈಯಲ್ಲೂ ಒಂದೊಂದು ಪೊಟ್ಟಣವಿತ್ತು.