ಬಸ್ಸಿನ ಬೆನ್ನಿನ ನಂಬರಿಗೆ ನಾನು ಮಾಡಿದ ಫೋನು

ನನಗೊಂದು ಚಟವಿದೆ. ಬೀಡಿಯಲ್ಲ, ಎಲೆಯಡಿಕೆಯಲ್ಲ, ಇಸ್ಪೀಟಂತೂ ಅಲ್ಲವೇ ಅಲ್ಲ. ಟಿಪ್ಪರು, ಹಾಲಿನ ವ್ಯಾನು, ಖಾಸಗಿ ಬಸ್ಸುಗಳ ಹಿಂಭಾಗದಲ್ಲಿ ‘ಚಾಲಕ ಅಡ್ಡಾದಿಡ್ಡಿ ಓಡಿಸಿದರೆ ತಿಳಿಸಿ’ ಎಂದು ಬರೆದು ಕೆಳಗೊಂದು ಫೋನ್ ನಂಬರು ಹಾಕಿರುತ್ತಾರಲ್ಲ, ಅದಕ್ಕೆ ನಿಜವಾಗಿಯೂ ಫೋನು ಮಾಡುವ ಚಟ. ಆ ನಂಬರು ಇರುವುದು ಗಾಡಿಯ ಅಂದಕ್ಕೆ ಎಂದು ಊರೆಲ್ಲ ತಿಳಿದುಕೊಂಡಿರುವಾಗ ಅದನ್ನು ನಂಬಿದವನು ನಾನೊಬ್ಬನೇ ಇರಬೇಕು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ನನ್ನ ಮನೆ ಪಾಂಡವಪುರದಲ್ಲಿ. ಚಿನಕುರಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದಿನವೂ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ, ದಿನವೂ ಜಲ್ಲಿ ತುಂಬಿದ ಟಿಪ್ಪರುಗಳ ಹಿಂದೆ ಧೂಳು ಕುಡಿಯುತ್ತೇನೆ. ಒಂದು ದಿನ ಟಾರ್ಪಾಲು ಹೊದಿಸದ ಟಿಪ್ಪರಿನಿಂದ ಹಾರಿದ ಕಲ್ಲೊಂದು ನನ್ನ ಹೆಲ್ಮೆಟ್ಟಿಗೆ ಟಣ್ ಎಂದು ಬಡಿಯಿತು. ಅಲ್ಲೇ ಗಾಡಿ ನಿಲ್ಲಿಸಿ ಫೋನು ಮಾಡಿದೆ. ಮರುವಾರದಿಂದ ಆ ಟಿಪ್ಪರು ಟಾರ್ಪಾಲು ಹೊದ್ದುಕೊಂಡು ಬರತೊಡಗಿತು. ಚಟ ಹತ್ತಿದ್ದು ಹಾಗೆ. ಎಲ್ಲ ಫೋನುಗಳೂ ಹಾಗೆ ಫಲ ಕೊಡಲಿಲ್ಲ, ಒಂದು ಸಲವಂತೂ ಆ ನಂಬರು ಯಾವುದೋ ಟೈರು ಅಂಗಡಿಯದಾಗಿತ್ತು. “ಪಂಚರ್ರಾ ಸಾ? ಎಲ್ಲಿದ್ದೀರಿ ಯೋಳಿ, ಬತ್ತೀನಿ” ಎಂದು ಆ ಕಡೆಯವನು ವಿನಯದಿಂದ ಕೇಳಿದಾಗ ನಾನು ಅವನ ಮೇಲೂ ರೇಗಿದೆ. ರೇಗುವುದು ನನಗೆ ಸುಲಭ.

ನಮ್ಮ ಮೂಲ ಊರು ನಾಗಮಂಗಲ ತಾಲ್ಲೂಕಿನಲ್ಲಿ, ದೇವಲಾಪುರದ ಹತ್ತಿರ. ಅಲ್ಲಿ ಅಣ್ಣ, ಅತ್ತಿಗೆ ಇದ್ದಾರೆ. ರಾಗಿ, ಹುರುಳಿ, ಎರಡು ಹಸು. ಅಣ್ಣನಿಗೆ ನನ್ನ ಈ ಚಟ ಕಂಡರೆ ಆಗುವುದಿಲ್ಲ. “ಲೋ, ಅಡ್ಡ ಬಂದ್ನಾ? ಗಾಡಿ ನಿಲ್ಸ್ಲಾ. ಇಳ್ದು ಬಾಯ್ತುಂಬ ಬೈ. ಅವ್ನೂ ಬೈತಾನೆ. ಅಲ್ಲಿಗೆ ಮುಗೀತು. ಬೆನ್ನಿಂದೆ ಫೋನ್ ಮಾಡೋದು ಚಾಡಿ ಕಣ್ಲಾ” ಎನ್ನುತ್ತಾನೆ. ನಮ್ಮ ಕಡೆ ರಸ್ತೆಯ ಜಗಳ ಇರುವುದೇ ಹಾಗೆ. ಮೊದಲು ಒಬ್ಬರ ವಂಶವನ್ನೊಬ್ಬರು ಜಾಲಾಡುತ್ತಾರೆ. ಆಮೇಲೆ ಯಾರೋ ಒಬ್ಬರು “ಯಾವೂರ್ಲಾ ನಿಂದು?” ಎಂದು ಕೇಳುತ್ತಾರೆ. ಊರು ತಿಳಿಯುತ್ತಲೇ ಯಾರದೋ ಮನೆಗೆ ಯಾರೋ ಹೆಣ್ಣು ಕೊಟ್ಟದ್ದು ನೆನಪಾಗಿ, ಇಬ್ಬರೂ ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಾರೆ. ಇದು ಓಬೀರಾಯನ ಕಾಲದ ಪದ್ಧತಿ, ಫೋನು ಮಾಡುವುದು ನಾಗರಿಕರ ಕರ್ತವ್ಯ ಎಂದು ನಾನು ವಾದಿಸುತ್ತಿದ್ದೆ.

ಈ ವರ್ಷದ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಅಣ್ಣನ ಮನೆಗೆ ಹೊರಟಿದ್ದೆ. ಊರು ಇನ್ನೇನು ಅರ್ಧ ಮೈಲಿ ಇದೆ ಎನ್ನುವಾಗ ಹೊಂಗೆಮರಗಳ ಮರೆಯಲ್ಲಿ ಒಂದು ತಿರುವು. ನಾನು ಎಡಗಡೆಯಲ್ಲೇ, ನಿಧಾನವಾಗಿಯೇ ಹೋಗುತ್ತಿದ್ದೆ. ತಿರುವಿನಿಂದ ಒಂದು ಖಾಸಗಿ ಬಸ್ಸು ಪೂರ್ತಿ ನನ್ನ ಕಡೆಗೆ ನುಗ್ಗಿ ಬಂತು. ಹ್ಯಾಂಡಲ್ ಎಡಕ್ಕೆ ಎಳೆದೆ. ಸ್ಕೂಟರು, ನಾನು ಇಬ್ಬರೂ ಲಂಟಾನದ ಪೊದೆಯೊಳಗೆ ಹೋಗಿ ಬಿದ್ದೆವು.

ಎದ್ದು ನಿಂತಾಗ ಮಂಡಿ ತರಚಿತ್ತು, ಎಡ ಮಣಿಕಟ್ಟು ಊದುತ್ತಿತ್ತು. ಬಸ್ಸು ನಿಲ್ಲಲಿಲ್ಲ. ಒಂದಿಷ್ಟು ನಿಧಾನವಾಯಿತು, ಕಂಡಕ್ಟರು ಹಿಂದಿನ ಬಾಗಿಲಿನಿಂದ ತಲೆ ಹಾಕಿ ಕೈ ಬೀಸಿದ, ಮತ್ತೆ ಹೊರಟೇಹೋಯಿತು. ‘ಹೋಗೋ ಹೋಗೋ’ ಎಂದು ಗೇಲಿ ಮಾಡಿದ ಹಾಗೆ ನನಗೆ ಕಂಡಿತು. ಬಸ್ಸಿನ ಬೆನ್ನ ಮೇಲೆ ಹಳದಿ ಅಕ್ಷರದಲ್ಲಿ ನಂಬರು ಇತ್ತು. ನಂಬರುಗಳನ್ನು ನಾನು ಮರೆಯುವವನಲ್ಲ.

ಪೊದೆಯ ಪಕ್ಕದಲ್ಲಿ ನಿಂತೇ ಮಾಲೀಕನಿಗೆ ಫೋನು ಮಾಡಿದೆ. ಆಡಬಾರದ್ದನ್ನೆಲ್ಲ ಆಡಿದೆ. ಕುಡಿದು ಓಡಿಸುತ್ತಾನೆ ಎಂದೆ, ಅದು ನನಗೆ ಗೊತ್ತೇ ಇರಲಿಲ್ಲ. ಮನುಷ್ಯರನ್ನು ಕೊಲ್ಲುವುದಕ್ಕೇ ಅವನನ್ನು ಇಟ್ಟುಕೊಂಡಿದ್ದೀಯಾ ಎಂದೆ. ಆರ್‌ಟಿಓಗೆ ಬರೆಯುತ್ತೇನೆ, ಪೊಲೀಸಿಗೂ ಹೋಗುತ್ತೇನೆ ಎಂದೆ. ಮಾಲೀಕ ಹೆದರಿದ. “ಅಷ್ಟ್ ದೂರ ಬ್ಯಾಡಿ ಸಾ. ಇವತ್ತೇ ಅವ್ನ ಇಳಿಸ್ಬುಡ್ತೀನಿ” ಎಂದ. ಇಳಿಸು ಎಂದೆ. ಆ ಕ್ಷಣದಲ್ಲಿ ಮಣಿಕಟ್ಟಿನ ನೋವು ಕೂಡ ಕಡಿಮೆಯಾದಂತೆ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ತಿರುವಿನ ಆಚೆಗೆ ನಾನು ಹೋಗಲೇ ಇಲ್ಲ. ಸೊಟ್ಟಗಾದ ಹ್ಯಾಂಡಲ್ ಹಿಡಿದುಕೊಂಡು ನಾಗಮಂಗಲಕ್ಕೆ ವಾಪಸು ಬಂದು, ಇಂಜೆಕ್ಷನ್ ಹಾಕಿಸಿಕೊಂಡು, ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಮನೆ ಸೇರಿದೆ. ಅಣ್ಣನಿಗೆ ಬಚ್ಚಲಲ್ಲಿ ಜಾರಿ ಬಿದ್ದೆ, ಅದಕ್ಕೇ ಬರಲಾಗಲಿಲ್ಲ ಎಂದು ಹೇಳಿಬಿಟ್ಟೆ. ಬಿದ್ದದ್ದು ಗೊತ್ತಾದರೆ ಫೋನು ಮಾಡಿದ್ದೂ ಗೊತ್ತಾಗುತ್ತದೆ, ಗೊತ್ತಾದರೆ ಅವನು ನಗುತ್ತಾನೆ.

ಮೂರು ವಾರ ಬಿಟ್ಟು ಊರಿಗೆ ಹೋದೆ. ಅತ್ತಿಗೆ ಹಜಾರದಲ್ಲಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ಕಾಳು ಈ ಸಲ ಚೆನ್ನಾಗಿದೆ ಎಂದೆ. ಅಣ್ಣ ಬೀಡಿ ಆರಿಸಿ ಹೇಳಿದ:

“ಕಾಳೇನೋ ಚೆಂದಾಗದೆ ಬುಡು. ಅದುನ್ನ ಒಕ್ಕಕ್ಕೋಗಿ ಒಬ್ಬನ ಕೆಲ್ಸ ಕಳುದ್ಬುಟ್ಟೊ.”

ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ನೆಲ ಕೆತ್ತಿ, ಸಗಣಿಯಲ್ಲಿ ಸಾರಿಸಿ, ಕಲ್ಲಿನ ಗುಂಡು ಉರುಳಿಸುವುದಕ್ಕೆ ಆಳೂ ಇಲ್ಲ, ಎತ್ತೂ ಇಲ್ಲ. ಟಾರು ರಸ್ತೆಯ ಮೇಲೆ ರಾಗಿ, ಹುರುಳಿಯನ್ನು ಮೊಣಕಾಲೆತ್ತರ ಹರಡಿ, ಅಂಚಿಗೆ ನಾಲ್ಕು ಕಲ್ಲಿಟ್ಟರೆ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸುತ್ತವೆ. ನಡುನಡುವೆ ಮನೆಯವರು ಆ ಒಣ ಸೊಪ್ಪನ್ನು ಮಗುಚಿ ಹಾಕಬೇಕು, ಅಷ್ಟೆ. ತಪ್ಪು ಎಂದು ಎಲ್ಲರಿಗೂ ಗೊತ್ತು. ನಾನೂ ಚಿಕ್ಕಂದಿನಲ್ಲಿ ಮಗುಚಿದವನೇ.

ಅಣ್ಣ ಹುರುಳಿ ಹರಡಿದ್ದು ಆ ತಿರುವಿನಲ್ಲಿ, ಆ ಭಾನುವಾರ. ಮರದ ನೆರಳು ಇತ್ತ ಕಡೆ ಬೀಳುತ್ತಿತ್ತು, ಬಿಸಿಲು ಚೆನ್ನಾಗಿ ಬೀಳುವುದು ತಿರುವಿನ ಆಚೆ ಕಡೆಯಲ್ಲಿ, ಹರಡಿದ್ದು ಅಲ್ಲೇ. ಆ ಬಸ್ಸಿನ ಡ್ರೈವರು “ತಿರುವಲ್ಲಿ ಬ್ಯಾಡ ಕಣಣ್ಣ, ಅತ್ಲಾಗೆ ನೇರ ರೋಡಲ್ಲಿ ಆಕ್ಕಳಿ” ಎಂದು ಹಿಂದಿನ ದಿನ ಇವರು ಸೊಪ್ಪು ತಂದು ರಸ್ತೆ ಪಕ್ಕ ಒಟ್ಟುವಾಗಲೇ ಬಸ್ಸು ನಿಲ್ಲಿಸಿ ಹೇಳಿಹೋಗಿದ್ದನಂತೆ. ಇವರು ಕೇಳಲಿಲ್ಲ. ಬೆಳಿಗ್ಗೆ ಅತ್ತಿಗೆ ರಸ್ತೆಗೆ ಬೆನ್ನು ಮಾಡಿ, ಕುಕ್ಕರಗಾಲಲ್ಲಿ ಕೂತು ಸೊಪ್ಪು ಮಗುಚುತ್ತಿದ್ದರು. ಬಸ್ಸಿನ ಸದ್ದು ಕೇಳಿ ಏಳುವಷ್ಟರಲ್ಲಿ ಅದು ಹತ್ತಿರ ಬಂದಾಗಿತ್ತು. ಸೊಪ್ಪಿನ ಮೇಲೆ ಬ್ರೇಕು ಹಿಡಿದರೆ ಬಸ್ಸು ನಿಲ್ಲುವುದಿಲ್ಲ, ಜಾರುತ್ತದೆ. ಅವನು ಬಲಕ್ಕೆ ಎಳೆದ.

“ಗಾಳಿ ಬೀಸುದಂಗಾಯ್ತು, ಸೆರಗು ಆರೋಯ್ತು. ಕಣ್ ಬುಟ್ ನೋಡ್ತೀನಿ, ಬಸ್ಸು ಆಚಿಗೋಗದೆ, ನಾನು ಇಲ್ಲೇ ಇವ್ನಿ” ಎಂದರು ಅತ್ತಿಗೆ.

“ಅದ್ಯಾವನೋ ಸ್ಕೂಟರ್ನೋನು ಎದ್ರುಗೆ ಬತ್ತಿದ್ನಂತೆ, ಮೋರೀಗ್ ಬಿದ್ನಂತೆ. ಬಾಯಿಗೆ ಬಂದಂಗೆ ಫೋನ್ ಮಾಡವ್ನೆ. ಕುಡ್ದಿದ್ದ ಅಂತ ಯೋಳವ್ನೆ ನೋಡ್ಲಾ! ಟೀ ಬುಟ್ರೆ ಏನೂ ಮುಟ್ಟದೋನ್ನ!” ಎಂದು ಅಣ್ಣ ಆ ಸ್ಕೂಟರಿನವನ ಹುಟ್ಟನ್ನು ಶಪಿಸಿದ. ಡ್ರೈವರು ನಡೆದದ್ದನ್ನು ಎಷ್ಟು ಹೇಳಿದರೂ, ಎಲ್ಲ ಡ್ರೈವರುಗಳೂ ಒಂದೊಂದು ಕಥೆ ಹೇಳುತ್ತಾರೆ ಎಂದು ಮಾಲೀಕ ನಂಬಲಿಲ್ಲವಂತೆ. ಇದನ್ನೆಲ್ಲ ಇವರಿಗೆ ಹೇಳಿದವನು ಕಂಡಕ್ಟರು.

ನಾನು ತಲೆ ತಗ್ಗಿಸಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಎಷ್ಟು ತರಗತಿಗಳಿಗೆ ಹೇಳಿದ್ದೇನೋ, ಲೆಕ್ಕವಿಲ್ಲ. ತಲೆಯೆತ್ತಿದಾಗ ಅತ್ತಿಗೆ ಮೊರ ಕೆಳಗಿಟ್ಟು ನನ್ನ ಮಣಿಕಟ್ಟಿನ ಪಟ್ಟಿಯನ್ನೇ ನೋಡುತ್ತಿದ್ದರು.

“ಬಚ್ಚಲಲ್ಲಿ ಜಾರ್ದೆ ಅಂದ್ರಲ್ಲ ಮೇಷ್ಟ್ರೇ,” ಎಂದರು. “ಯಾವ ಬಚ್ಚಲು?”

ಹೇಳಿದೆ. ಫೋನಿನಲ್ಲಿ ಆಡಿದ್ದನ್ನೂ ಬಿಡಲಿಲ್ಲ. ಅಣ್ಣ ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಬೈಯಲೂ ಇಲ್ಲ. ಎದ್ದು ಹೋಗಿ ಹಸುವಿಗೆ ನೀರು ಇಟ್ಟು ಬಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ನಾನು ಕೊಯ್ದದ್ದು ನನ್ನ ಮೂಗೂ ಅಲ್ಲ.

ಮಾಲೀಕನಿಗೆ ನಾನೇ ಫೋನು ಮಾಡಿದೆ. “ಅವತ್ತು ಅಂಗಂದ್ರಿ, ಇವತ್ತು ಇಂಗಂತೀರಿ. ಯಾರಾದ್ರೂ ಕೈ ಬೆಚ್ಚಗೆ ಮಾಡುದ್ರಾ ಸಾ?” ಎಂದು ಅವನು ಕೇಳಿದ. ನನ್ನ ಮಾತಿಗೆ ಬೆಲೆಯಿಲ್ಲದಂತೆ ಮಾಡಿಕೊಂಡವನು ನಾನೇ. ಅತ್ತಿಗೆ ಕೈ ಚಾಚಿ ಫೋನು ಇಸಕೊಂಡರು. ರಸ್ತೆಯ ಮೇಲೆ ಒಕ್ಕಣೆ ಮಾಡಿದರೆ ಕೇಸು ಹಾಕುತ್ತೇವೆ ಎಂದು ಈ ವರ್ಷ ಪೊಲೀಸರು ಊರೂರಿನಲ್ಲಿ ಸಾರಿ ಹೋಗಿದ್ದರು. ಅಣ್ಣ ಬೇಡ ಎಂಬಂತೆ ಕೈಯಾಡಿಸಿದ. ಅವರು ನೋಡಲಿಲ್ಲ.

“ಆ ತಿರುವಲ್ಲಿ ಕೂತಿದ್ದೋಳು ನಾನೇ ಕಣಪ್ಪ. ರೋಡಲ್ಲಿ ಉರುಳಿ ಆಕಿದ್ದೋರೂ ನಾವೇಯ. ಕೇಸಾಕಂಗಿದ್ರೆ ನನ್ ಮ್ಯಾಲಾಕ್ಲಿ. ಅವ್ನು ಅತ್ಲಾಗೆ ಎಳೀದೆ ಓಗಿದ್ರೆ ಇವತ್ತು ನಿನ್ ಕುಟ್ಟೆ ಮಾತಾಡಕ್ಕೆ ನಾನಿರ್ತಿರ್ಲಿಲ್ಲ. ಅವ್ನ ತಿರ್ಗ ಗಾಡಿ ಮ್ಯಾಲೆ ಕೂರ್ಸಪ್ಪ.”

“ಆಯ್ತು ಕಣವ್ವ, ನಾಳಿಂದ್ಲೇ ಬರ್ಲಿ” ಎಂದ ಮಾಲೀಕ. ಅತ್ತಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನನಗೂ ಹಗುರಾಯಿತು. ಫೋನಿನಲ್ಲಿ ಕೆಟ್ಟದ್ದು ಫೋನಿನಲ್ಲೇ ಸರಿಹೋಯಿತು ಎಂದುಕೊಂಡೆ.

ಸುದ್ದಿಯನ್ನು ನಾನೇ ಎದುರಿಗೆ ನಿಂತು ಹೇಳುತ್ತೇನೆ ಎಂದು ಹಟ ಹಿಡಿದೆ. ಡ್ರೈವರಿನ ಊರು ಕೆ.ಆರ್. ಪೇಟೆ ಕಡೆ. ಕಂಡಕ್ಟರನ್ನು ವಿಚಾರಿಸಿದರೆ ಈಗ ಕಬ್ಬಿನ ಟ್ರಾಕ್ಟರು ಓಡಿಸುತ್ತಾನೆ, ನಮ್ಮ ಚಿನಕುರಳಿ ಹತ್ತಿರದ ಒಂದು ಆಲೆಮನೆಗೇ ಕಬ್ಬು ತರುತ್ತಾನೆ ಎಂದು ಗೊತ್ತಾಯಿತು. ಮರುದಿನ ಸಂಜೆ ಶಾಲೆ ಬಿಟ್ಟ ಮೇಲೆ ಹೋದೆ. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವ ವಾಸನೆ, ಅಂಗಳದ ತುಂಬ ಕಬ್ಬಿನ ಸಿಪ್ಪೆ. ಮೂವತ್ತೈದರ ಆಸುಪಾಸಿನ ಒಬ್ಬ ತಲೆಗೆ ಟವೆಲ್ಲು ಸುತ್ತಿಕೊಂಡು ಟ್ರೇಲರಿನಿಂದ ಕಬ್ಬು ಇಳಿಸುತ್ತಿದ್ದ. ಆ ಸ್ಕೂಟರಿನವನು ನಾನೇ ಎಂದೆ.

ಅವನು ಕೈಲಿದ್ದ ಕಬ್ಬು ಕೆಳಗಿಟ್ಟ. “ಪೆಟ್ಟಾಯ್ತಾ ಸಾ ಅವತ್ತು? ಕನ್ನಡೀಲಿ ನೀವೆದ್ದು ನಿಂತಿದ್ ಕಾಣ್ತು. ಕಂಡಕ್ಟ್ರು ಕೈ ಮಾಡಿ ‘ಏನಾಗ್ಲಿಲ್ವಾ’ ಅಂತ ಕೇಳ್ದ, ನೀವು ಸುಮ್ನೆ ನಿಂತಿದ್ರಿ. ಆದ್ರೂ ನಾನು ನಿಲ್ಸ್‌ಬೇಕಿತ್ತು. ಕೈ ಕಾಲು ನಡುಗ್ತಿತ್ತು ಸಾ, ನಿಲ್ಸುದ್ರೆ ತಿರ್ಗ ಓಡ್ಸಕ್ಕಾಗಕಿಲ್ಲ ಅನ್ನುಸ್ತು. ಅದು ನನ್ ತಪ್ಪೇಯ.”

ಅವನು ತನ್ನ ತಪ್ಪನ್ನು ಮೊದಲು ಹೇಳಿದ್ದರಿಂದ ನನ್ನದನ್ನು ಹೇಳುವುದು ಇನ್ನೂ ಕಷ್ಟವಾಯಿತು. ಅವತ್ತು ತಿರುವಿನಲ್ಲಿ ಕೂತಿದ್ದವರು ನನ್ನ ಅತ್ತಿಗೆ ಎಂದೆ, ಕ್ಷಮೆ ಕೇಳಿದೆ. ಮಾಲೀಕ ಒಪ್ಪಿದ್ದಾನೆ, ನಾಳೆಯೇ ಬಸ್ಸಿಗೆ ಹೋಗಬಹುದು ಎಂದು ಅವಸರವಾಗಿ ಹೇಳಿದೆ. ಅವನ ಮುಖ ಅರಳುತ್ತದೆ ಎಂದು ಕಾದೆ.

“ಬ್ಯಾಡ ಸಾ,” ಎಂದ. ಸಿಟ್ಟಿನಿಂದ ಅಲ್ಲ. “ಅವತ್ತು ನಾನೇನೂ ಯೋಚ್ನೆ ಮಾಡ್ನಿಲ್ಲ. ಅಕ್ಕನ ಬೆನ್ನು ಕಾಣ್ತು, ಕೈ ಎಳ್ಕಂಡ್ಬುಡ್ತು. ಇನ್ಮ್ಯಾಲೆ ಅಂಗಾಗಕಿಲ್ಲ. ಅಂಥ ಜಾಗ ಬಂದ್ರೆ ಮೊದ್ಲು ಕೆಲ್ಸ ಓಗಿದ್ದೇ ಗ್ಯಾಪ್ಕ ಬತ್ತದೆ. ಬಲುಕ್ಕೆ ಎಳುದ್ರೆ ಯಾರೇನಂತಾರೋ ಅಂತ ಕೈ ಒಂದ್ ಚಣ ತಡೀತದೆ. ಆ ಒಂದ್ ಚಣ ಸಾಕಲ್ವ ಸಾ? ಟ್ರಾಕ್ಟ್ರೇ ವಾಸಿ. ನಿಧಾನುಕ್ಕೆ ಓಯ್ತದೆ, ಯೋಚ್ನೆ ಮಾಡಕ್ಕೂ ಬುಡ್ತದೆ.”

ಕೆಲಸ ಹೋದರೆ ಇನ್ನೊಂದು ಕೆಲಸ ಸಿಗುತ್ತದೆ. ನಾನು ಅವನಿಂದ ಕಿತ್ತುಕೊಂಡದ್ದು ಕೆಲಸವಲ್ಲ ಎಂಬುದು ಅಲ್ಲಿ, ಆ ಸಿಪ್ಪೆಯ ರಾಶಿಯ ಪಕ್ಕದಲ್ಲಿ ನನಗೆ ಅರ್ಥವಾಯಿತು. ಅದನ್ನು ವಾಪಸು ಕೊಡು ಎಂದು ಯಾವ ಮಾಲೀಕನಿಗೂ ಫೋನು ಮಾಡುವ ಹಾಗಿರಲಿಲ್ಲ.

“ಅತ್ತಿಗೆ ನಿಮ್ಮ ಬಸ್ಸಿಗೆ ಕಾಯ್ತಾ ಇರ್ತಾರೆ,” ಎಂದೆ. “ಅವರಿಗೆ ಏನು ಹೇಳಲಿ?”

ಅವನು ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ.

“ಇದಕ್ಕಿಂತ ಒಳ್ಳೆ ಕೆಲ್ಸ ಸಿಕ್ತಂತೆ, ಅದಕ್ಕೇ ಬರಾಕಿಲ್ವಂತೆ ಅನ್ನಿ ಸಾ. ಇಲ್ದಿದ್ರೆ ನೊಂದ್ಕತಾರೆ.”

ನಾನು ಹಾಗೆಯೇ ಹೇಳಿದೆ.