ಟ್ಯಾಂಕಿನ ಹಣೆಗೆ ವಿಭೂತಿ

ಓಡುತ್ತಿರುವ ಬೈಕಿನ ಮೇಲೆಯೇ ಎಡಗೈ ಕೆಳಗೆ ಬಿಟ್ಟು, ಪೆಟ್ರೋಲ್ ನಲ್ಲಿಯನ್ನು ತಡಕಿ ರಿಸರ್ವಿಗೆ ತಿರುಗಿಸುತ್ತಿದ್ದ ಕಾಲ ಅದು. ನನ್ನ ವಯಸ್ಸಿನವರಿಗೆ ಗೊತ್ತಿರುತ್ತದೆ. ಹೊಳಗುಂದದ ನಮ್ಮ ಓಣಿಯಲ್ಲಿ ಅಪ್ಪನದೊಂದೇ ಬೈಕು. ನನ್ನ ಜಾಗ ಟ್ಯಾಂಕಿನ ಮೇಲೆ. ತೊಡೆಗೆ ಬಿಸಿ, ಮೂಗಿಗೆ ಪೆಟ್ರೋಲ್ ವಾಸನೆ. ಆ ವಾಸನೆ ನನಗೆ ಇಷ್ಟವಿತ್ತು, ಸುಳ್ಳೇಕೆ ಹೇಳಲಿ.

ಆ ವರ್ಷದ ಆಯುಧ ಪೂಜೆಗೆ ಅವ್ವ ವಿಭೂತಿ ಗಟ್ಟಿ ತೇಯ್ದು, ಟ್ಯಾಂಕಿನ ದುಂಡು ಮುಚ್ಚಳದ ಮೇಲೆ ಮೂರು ಬೆರಳಲ್ಲಿ ದಪ್ಪಗೆ ಎಳೆದಳು. ನಡುವೆ ಕುಂಕುಮ ಇಟ್ಟಳು.

"ಇದು ಗಾಡಿ ಹಣಿ," ಅಂದಳು.

ಒಣಗಿ ಸುಣ್ಣದ ಹಾಗೆ ಕೂತಿತು.

ಮರುದಿನ ಬೆಳಿಗ್ಗೆ ಆದೋನಿಯಿಂದ ಸೋದರಮಾವ ಹೇಳಿ ಕಳಿಸಿದ. ಅವ್ವನ ತಾಯಿ, ನಮ್ಮ ಅಜ್ಜಿ, ಆಸ್ಪತ್ರೆಯಲ್ಲಿದ್ದಾಳೆ. ಇವತ್ತು ದಾಟುವುದು ಕಷ್ಟ, ಮಗಳನ್ನು ಕೇಳುತ್ತಿದ್ದಾಳೆ. ಅವ್ವ ಉಳಿದ ಹೋಳಿಗೆಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು. ಅಜ್ಜಿ ತಿನ್ನುವ ಸ್ಥಿತಿಯಲ್ಲಿದ್ದಾಳಾ ಅಂತ ಯಾರೂ ಕೇಳಲಿಲ್ಲ.

ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ಗಾಡಿ ಕೆಮ್ಮಿ ನಿಂತಿತು. ಪೆಟ್ರೋಲ್ ಇದೆಯಾ ನೋಡೋಣ ಅಂತ ಅಪ್ಪ ಮುಚ್ಚಳ ತೆಗೆದ. ಸುಯ್ ಅಂದಿತು. ಪೆಟ್ರೋಲ್ ಇತ್ತು. ಮುಚ್ಚಿ ಕಿಕ್ ಹೊಡೆದ, ಹತ್ತಿತು. ಮುಂದೆ ಹೋಗಿ ಮತ್ತೆ ನಿಂತಿತು. ಮತ್ತೆ ಮುಚ್ಚಳ, ಮತ್ತೆ ಸುಯ್. ಪ್ಲಗ್ ಬಿಚ್ಚಿ ಒರೆಸಿದ. ಹತ್ತಿದಾಗ ಪ್ಲಗ್ಗಿನಿಂದಲೇ ಹತ್ತಿತು ಅಂದುಕೊಂಡ. ಮೊದಮೊದಲು ಅವ್ವ ಲಗೂನ ಲಗೂನ ಅನ್ನುತ್ತಿದ್ದಳು. ಆಮೇಲೆ ಅದೂ ನಿಂತಿತು. ನಾನು ಹತ್ತಿ ಹೊಲದ ಬದುವಿನಲ್ಲಿ ಕೂತು ಒಂದು ಹೋಳಿಗೆ ತಿಂದೆ. ಪೆಟ್ರೋಲ್ ವಾಸನೆ ಹೊಡೆಯಿತು. ಯಾರೂ ಬೈಯಲಿಲ್ಲ.

ತಳ್ಳಿಕೊಂಡು ಒಂದು ಕ್ರಾಸಿಗೆ ಬಂದೆವು. ಅಲ್ಲೊಬ್ಬ ಮೆಕ್ಯಾನಿಕ್ ಇದ್ದ. ಅವ್ವ ಮುಖ ತೊಳೆಯಲು ಆಚೆ ಬೋರಿಂಗಿನ ಹತ್ತಿರ ಹೋದಳು. ಅವನು ಮುಚ್ಚಳ ನೋಡಿ, ಸೂಜಿಯಿಂದ ವಿಭೂತಿ ಕೆರೆದ. ಅಡಿಯಲ್ಲಿ ಸಣ್ಣ ತೂತು ಇತ್ತು.

"ಇಲ್ಲಿಂದ ಗಾಳಿ ಹೋಗ್ಬೇಕಣ್ಣಾ. ಹೋಗ್ಲಿಲ್ಲಂದ್ರ ಪೆಟ್ರೋಲು ಕಾರ್ಬೊರೇಟರಿಗೆ ಇಳಿಯಂಗಿಲ್ಲ. ನೀ ಮುಚ್ಚಳ ತೆಗದಾಗೆಲ್ಲ ಗಾಳಿ ಎಳಕಂಡೈತಿ, ಅದಕ್ಕ ಹತ್ತೈತಿ."

ನನಗೆ ಕೂಡಲೇ ತಿಳಿಯಿತು. ಪಪ್ಪಾಯಿ ಎಲೆಯ ದಂಟನ್ನು ನೀರಲ್ಲಿ ಅದ್ದಿ, ಮೇಲಿನ ತುದಿಗೆ ಬೆರಳಿಟ್ಟು ಎತ್ತುವ ಆಟ ನಾವೆಲ್ಲ ಆಡಿದ್ದೆವು. ಬೆರಳು ತೆಗೆಯುವವರೆಗೆ ನೀರು ಬೀಳುವುದಿಲ್ಲ.

"ಇಷ್ಟು ದಪ್ಪ ಯಾರ್ ಬಳದಾರಣ್ಣಾ?"

"ನಾನ," ಅಂದ ಅಪ್ಪ. ಆಮೇಲೆ ನನ್ನ ಕಡೆ ನೋಡಿದ. ನಾನು ಬೋರಿಂಗಿನ ಕಡೆ ನೋಡಿದೆ, ಅವ್ವ ಇನ್ನೂ ಮುಖ ತೊಳೆಯುತ್ತಿದ್ದಳು.

ಅಲ್ಲಿಂದ ಆದೋನಿವರೆಗೆ ಗಾಡಿ ಎಲ್ಲೂ ನಿಲ್ಲಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಸೋದರಮಾವ ನಿಂತಿದ್ದ.

"ಈಗ ಹೋದ್ಲವ್ವಾ. ಬಾಗಿಲಾ ನೋಡಿಕೆಂತ ಇದ್ಲು."

ಅವ್ವ ಹೋಳಿಗೆ ಗಂಟು ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕೂತಳು. ಅಳಲಿಲ್ಲ. ನನಗೂ ಏನೂ ಅನಿಸಲಿಲ್ಲ. ಇದನ್ನು ಬರೆಯುವಾಗಲೂ ಅನಿಸುತ್ತಿಲ್ಲ.

ಆಮೇಲೆ ಪ್ರತಿ ಆಯುಧ ಪೂಜೆಗೂ ಅವ್ವ ಆ ಹಣೆಗೆ ವಿಭೂತಿ ಎಳೆಯುತ್ತಿದ್ದಳು. ಅಪ್ಪ ಬೇಡ ಅನ್ನಲಿಲ್ಲ. ಆರತಿ ಆದಮೇಲೆ ಧೂಳು ಅಂತ ಹೇಳಿ ಮುಚ್ಚಳ ಒರೆಸುತ್ತಿದ್ದ, ಅಷ್ಟೇ.

ಅಪ್ಪ ಈಗಿಲ್ಲ. ಆಮೇಲೆ ಹುಟ್ಟಿದ ತಮ್ಮನ ಹೊಸ ಬೈಕಿಗೆ ಆ ನಲ್ಲಿ ಇಲ್ಲ, ಕಾರ್ಬೊರೇಟರೂ ಇಲ್ಲ. ಟ್ಯಾಂಕಿನೊಳಗೆ ಒಂದು ಪಂಪು ಪೆಟ್ರೋಲನ್ನು ಇಂಜಿನ್ನಿಗೆ ಒತ್ತುತ್ತದೆ. ಒತ್ತಡ ಹೆಚ್ಚಾದರೆ ರೆಗ್ಯುಲೇಟರ್ ಅನ್ನುವ ಪುಟ್ಟ ಸಾಮಾನು ಹೆಚ್ಚಾದದ್ದನ್ನು ಟ್ಯಾಂಕಿಗೇ ವಾಪಸ್ ಬಿಡುತ್ತದೆ. ಎಲ್ಲ ಒಳಗೊಳಗೇ. ಕೈಗೆ ಕೆಲಸವಿಲ್ಲ, ಮೂಗಿಗೆ ವಾಸನೆಯಿಲ್ಲ. ಗಾಳಿಗೆ ದಾರಿ ಮಾತ್ರ ಇದಕ್ಕೂ ಬೇಕಂತೆ.

ಈ ವರ್ಷವೂ ಅವ್ವ ಅದರ ಮುಚ್ಚಳಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದಳು. ಅವಳು ಆಚೆ ತಿರುಗಿದ ಮೇಲೆ ನಾನು ಸೆರಗಿನ ತುದಿಯಿಂದ ಒರೆಸುತ್ತಿದ್ದೆ. ಆ ತೂತಿನ ಸಂಗತಿ ಗೊತ್ತಿದ್ದು ಮನೆಯಲ್ಲಿ ಉಳಿದವಳು ನಾನೊಬ್ಬಳೇ ಅಂದುಕೊಂಡಿದ್ದೆ. ಅವ್ವ ತಿರುಗಿ ನೋಡಿಬಿಟ್ಟಳು.

"ಯಾಕ ಒರಸ್ತಿ?"

"ಧೂಳು ಐತವ್ವಾ."

"ನಿಮ್ಮಪ್ಪನೂ ಧೂಳು ಅಂತಿದ್ದ," ಅಂದಳು. "ನಾ ಆಗಷ್ಟ ತೊಳದ ಗಾಡಿಗೆ."