ಸ್ಟಾಪರ್ ಇಲ್ಲದ ಬಾಗಿಲು

ಇಂಥ ಮಾತುಗಳನ್ನು ನಾನು ನಂಬಿದವನಲ್ಲ. ಥಾಣೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫಿಟ್ಟರ್ ಆಗಿದ್ದೆ. ತಾನಾಗಿ ಅಲ್ಲಾಡಿದ್ದು, ತಾನಾಗಿ ನಿಂತದ್ದು ಅಂತ ಯಾವುದೂ ಇರುವುದಿಲ್ಲ, ಎಲ್ಲೋ ಒಂದು ಬೋಲ್ಟು ಸಡಿಲವಾಗಿರುತ್ತದೆ ಅಷ್ಟೇ. ಯಾರಾದರೂ ದೆವ್ವ ಕಂಡ ಕತೆ ತೆಗೆದರೆ, ಅಲ್ಲಿದ್ದ ಬಲ್ಬು ಎಷ್ಟು ವಾಟ್‌ನದು ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಈಗ ನನ್ನದೇ ಒಂದು ಅನುಭವವನ್ನು ಬರೆಯಲು ಕೂತಿದ್ದೇನೆ. ಓದಿದವರು ನನಗೂ ಬಲ್ಬಿನ ಪ್ರಶ್ನೆ ಕೇಳಬಹುದು. ಬಲ್ಬು ಉರಿಯುತ್ತಿರಲಿಲ್ಲ, ಭಾನುವಾರ ಬೆಳಗಿನ ಹನ್ನೊಂದು ಗಂಟೆಯ ಬಿಸಿಲಿತ್ತು.

ನನ್ನ ಅಣ್ಣ ಡೊಂಬಿವಲಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ. ಉಡುಪಿಯಿಂದ ಬಂದ ಹೊಸತರಲ್ಲಿ ಅವನು ಬೇರೆಯವರ ಹೋಟೆಲಿನಲ್ಲಿ ಸಪ್ಲೈಯರ್. ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಅಡುಗೆಮನೆಯ ಸ್ವಿಂಗ್ ಬಾಗಿಲನ್ನು ಮೊಣಕೈಯಲ್ಲಿ ತಡೆದು, ಹಿಂದೆ ಬರುವವನು ದಾಟುವವರೆಗೆ ನಿಲ್ಲುವುದು ಆಗಲೇ ಅಭ್ಯಾಸವಾದದ್ದು. ಸ್ವಂತ ಹೋಟೆಲು ಕುದುರಿದ ಮೇಲೆ ಅವನು ಮಾಡಿದ ಒಂದೇ ಒಂದು ದುಂದು ಎಂದರೆ ಒಂದು ಹಳೆಯ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತೆ ಕೂರುವ ಗಾಡಿ. ಇಡ್ಲಿ ಪಾತ್ರೆ ಇಡಲೂ ಜಾಗವಿಲ್ಲದ ಕಾರು ಹೋಟೆಲಿನವನಿಗೆ ಯಾಕೆ ಎಂದು ಬಿಲ್ಡಿಂಗಿನ ಇಡೀ ಸೊಸೈಟಿ ನಕ್ಕಿತು. ಅಣ್ಣನೂ ಅವರ ಜೊತೆ ನಕ್ಕ. ತಿಂಗಳಿಗೊಮ್ಮೆ ಅತ್ತಿಗೆಯನ್ನು ಕೂರಿಸಿಕೊಂಡು ಟಿಟ್ವಾಳಾದ ಗಣಪತಿಗೆ ಹೋಗಿ ಬರುತ್ತಿದ್ದ. ಅವರಿಬ್ಬರೇ, ಮಕ್ಕಳಿಲ್ಲ.

ಆ ಕಾರಿನ ಬಾಗಿಲುಗಳು ಉದ್ದ, ಭಾರ. ತೆರೆದ ಬಾಗಿಲು ತೆರೆದಲ್ಲೇ ನಿಲ್ಲಲೆಂದು ಒಳಗೆ ಸ್ಟಾಪರ್ ಇರುತ್ತದೆ. ಗೇಣುದ್ದದ ಉಕ್ಕಿನ ಪಟ್ಟಿ, ಅದರ ಮೇಲೊಂದು ಉಬ್ಬು, ತುದಿಯಲ್ಲಿ ರಬ್ಬರು. ಉಬ್ಬು ಸವೆದರೆ ಬಾಗಿಲು ನಿಲ್ಲುವುದಿಲ್ಲ. ಅಣ್ಣ ಕಾರು ನಿಲ್ಲಿಸುತ್ತಿದ್ದದ್ದು ಬಿಲ್ಡಿಂಗಿನ ಕೆಳಗೆ, ಮೂತಿ ಗೋಡೆಯ ಕಡೆಗೆ. ನೀರು ಹರಿದುಹೋಗಲೆಂದು ನೆಲ ಗೇಟಿನ ಕಡೆಗೆ ಇಳಿಜಾರು, ಕಾರಿನ ಹಿಂಭಾಗ ತಗ್ಗಿನಲ್ಲಿ. ಹಾಗಾಗಿ ಸ್ಟಾಪರ್ ಸವೆದ ಎಡ ಬಾಗಿಲು ತೆರೆದ ಕೂಡಲೇ ವಾಪಸು ಬಂದು ಅತ್ತಿಗೆಯ ಮೊಣಕಾಲಿನ ಕೆಳಗೆ ಬಡಿಯುತ್ತಿತ್ತು. ಒಮ್ಮೆ ಗಾಯವಾಗಿ ಕಲೆಯೂ ಉಳಿಯಿತು. ಆಮೇಲೆ ಅಣ್ಣ ಸ್ಟೀರಿಂಗಿನ ಹಿಂದೆ ಕೂತೇ ಎಡಗೈ ಚಾಚಿ ಆ ಬಾಗಿಲನ್ನು ತಡೆದು ಹಿಡಿಯತೊಡಗಿದ. ಮಂಡಿನೋವಿನ ಅತ್ತಿಗೆ ಮೊದಲು ಕೂತು, ಸೀರೆ ಒಟ್ಟುಮಾಡಿ, ಒಂದೊಂದೇ ಕಾಲು ಒಳಗೆಳೆದುಕೊಂಡು, "ಆಂಡ್, ಬುಡ್ಲೆ" ಅನ್ನುತ್ತಿದ್ದರು. ನಮ್ಮ ಮನೆಮಾತು ತುಳು. ಆಯ್ತು, ಬಿಡಿ ಎಂದರ್ಥ. ಆಗ ಅಣ್ಣ ಕೈ ಬಿಡುತ್ತಿದ್ದ. ಸ್ಟಾಪರ್ ಬದಲಾಯಿಸೋಣ ಎಂದು ನಾನು ಎಷ್ಟು ಸಲ ಹೇಳಿದರೂ, ಬರುವ ತಿಂಗಳು ಎನ್ನುತ್ತಿದ್ದ. ಆ ಬರುವ ತಿಂಗಳು ಬರಲೇ ಇಲ್ಲ.

ಅಣ್ಣ ತೀರಿಕೊಂಡು ವರ್ಷವಾಗುವ ಹೊತ್ತಿಗೆ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು, ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ತಿಂಗಳೊಳಗೆ ಎಲ್ಲರೂ ಖಾಲಿ ಮಾಡಬೇಕು. ಅತ್ತಿಗೆ ಟಿಟ್ವಾಳಾದಲ್ಲಿ ತಂಗಿಯ ಮನೆಯ ಪಕ್ಕ ಬಾಡಿಗೆಗೆ ಹೋಗುವುದೆಂದಾಯಿತು. ಅಲ್ಲಿ ಪಾರ್ಕಿಂಗ್ ಇಲ್ಲ, ಕಳ್ವಾದಲ್ಲಿರುವ ನನ್ನ ಮನೆಯಲ್ಲೂ ಇಲ್ಲ. ಕಾರು ಮಾರದೆ ಬೇರೆ ದಾರಿ ಇರಲಿಲ್ಲ. ನೆರೂಳಿನ ಯುವ ದಂಪತಿ ನೋಡಿ ಒಪ್ಪಿಕೊಂಡು ಹೋದರು. ಆದರೆ ಅತ್ತಿಗೆ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ದಿನಾ ಒಂದೊಂದು ನೆಪ. ಕೊನೆಗೊಂದು ದಿನ ಬಾಯಿಬಿಟ್ಟು ಹೇಳಿದರು.

"ಮೊದ್ಲು ಆ ಬಾಗ್ಲು ಸರಿ ಮಾಡು ಮಾರಾಯ. ಆ ಹುಡುಗಿಯ ಕಾಲಿಗೂ ಬಡಿಯೂದು ಬೇಡ. ಅದು ಸರಿಯಾಗಿ ನಿಂತ್ರೆ ನಾನು ಸೈನ್ ಹಾಕ್ತೇನೆ."

ಅವರಿಗೆ ಕಾರು ಬಿಟ್ಟುಕೊಡುವುದು ಎಷ್ಟು ಕಷ್ಟವೆಂದು ನನಗೆ ಆಗ ತಿಳಿಯಿತು. ಅಣ್ಣ ಹೋದ ಮೇಲೆ ಅವರು ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲ.

ಅಷ್ಟು ಹಳೆಯ ಗಾಡಿಯ ಸ್ಟಾಪರ್ ಅಂಗಡಿಯಲ್ಲಿ ಸಿಗುವುದಿಲ್ಲ. ವಿಠ್ಠಲವಾಡಿಯಲ್ಲಿ ವಿಜಯಪುರ ಕಡೆಯ ಒಬ್ಬ ಮೆಕ್ಯಾನಿಕ್ ಇದ್ದಾನೆ. ಎರಡೂ ಬಾಗಿಲುಗಳ ಹಳೆಯ ಸ್ಟಾಪರ್ ಬಿಚ್ಚಿ ಅವನ ಮುಂದಿಟ್ಟೆ. ಎಡಗಡೆಯದನ್ನು ಬೆಳಕಿಗೆ ಹಿಡಿದು ನೋಡಿ ಅವನು, "ಇದರಾಗ ಏನೂ ಉಳಿದಿಲ್ರೀ ಸಾಹೇಬ್ರ. ಇಷ್ಟ ದಿನಾ ಈ ಬಾಗಲಾ ಯಾರ ಹಿಡಕೊಂಡಿದ್ರು?" ಎಂದ. ನಮ್ಮಣ್ಣ ಎಂದೆ. ಅದೇ ಅಳತೆಗೆ ಅವನು ಹೊಸ ಜೋಡಿ ಮಾಡಿಕೊಟ್ಟ.

ಆ ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಸಂಜೆ ನೆರೂಳಿನವರು ಬರುವವರಿದ್ದರು. ಎರಡೂ ಬಾಗಿಲುಗಳ ಒಳಗಿನ ಹೊದಿಕೆ ತೆಗೆದು, ಕೀಲುಗಳಿಗೆ ಎಣ್ಣೆ ಬಿಟ್ಟು, ಬಲಗಡೆಯಿಂದ ಶುರುಮಾಡಿದೆ. ಹೊಸ ಸ್ಟಾಪರಿನ ಪಿನ್ನು ಬಿಗಿಯಾಗಿದ್ದರಿಂದ ಅದೊಂದಕ್ಕೇ ಒಂದು ಗಂಟೆ ಹಿಡಿಯಿತು. ಎಡಗಡೆಯದಕ್ಕೆ ಇನ್ನೂ ಕೈ ಹಾಕಿರಲಿಲ್ಲ. ಅದರ ಹೊಸ ಸ್ಟಾಪರ್ ನನ್ನ ಪಕ್ಕದ ಡಬ್ಬಿಯಲ್ಲಿತ್ತು, ಹಳೆಯದು ನನ್ನ ಅಂಗಿಯ ಜೇಬಿನಲ್ಲಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಅತ್ತಿಗೆ ಕಾಫಿ ತಂದರು. ಬಲ ಬಾಗಿಲು ಗಟ್ಟಿಯಾಗಿ ನಿಂತಿರುವುದನ್ನು ನೋಡಿದರು. ಕಾಫಿಯನ್ನು ಸ್ಟೂಲಿನ ಮೇಲಿಟ್ಟು, "ಒಂದು ಸಲ ಕೂತ್ಕೊಳ್ತೇನೆ" ಎನ್ನುತ್ತ ಆಚೆ ಬದಿಗೆ ನಡೆದರು. ನಾನು ತೆರೆದ ಬಲ ಬಾಗಿಲಿನ ಪಕ್ಕ ಕುಕ್ಕರಗಾಲಿನಲ್ಲಿದ್ದೆ, ಕೈಯಲ್ಲಿ ಸುತ್ತಿಗೆ. ಅತ್ತಿಗೆ ತಡೀರಿ, ಅದಕ್ಕಿನ್ನೂ ಹಾಕಿಲ್ಲ ಎಂದು ಕೂಗಬೇಕು ಅನ್ನುವಷ್ಟರಲ್ಲಿ ಅವರು ಬಾಗಿಲು ತೆರೆದಾಗಿತ್ತು.

ಬಾಗಿಲು ನಿಂತಿತು.

ಅವರು ಬೆನ್ನು ತಿರುಗಿಸಿ ನಿಧಾನವಾಗಿ ಕೂತರು. ಎರಡೂ ಕೈಯಿಂದ ಸೀರೆ ಒಟ್ಟುಮಾಡಿದರು. ಬಲಗಾಲು ಒಳಗೆ ಬಂತು, ಆಮೇಲೆ ಮಂಡಿ ಹಿಡಿದುಕೊಂಡು ಎಡಗಾಲು. ಅರ್ಧ ನಿಮಿಷವಾದರೂ ಆಗಿರಬೇಕು. ಬಾಗಿಲಿನ ಬರಿಯ ತಗಡು, ಸ್ಟಾಪರ್ ಕೂರಬೇಕಾದ ಖಾಲಿ ತೂತು, ಎಲ್ಲ ನನಗೆ ಎದುರಿಗೇ ಕಾಣುತ್ತಿತ್ತು. ಪೂರ್ತಿ ತೆರೆದಿರಲಿಲ್ಲ, ಒಂದು ತೋಳಿನಳತೆಗೆ ನಿಂತಿತ್ತು. ಅವರಿಗೂ ನನಗೂ ನಡುವೆ ಇದ್ದದ್ದು ಡ್ರೈವರ್ ಸೀಟು. ಅದು ಖಾಲಿಯಿತ್ತು. ಇಷ್ಟನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಅತ್ತಿಗೆ ಮುಂದಿನ ಗಾಜಿನ ಕಡೆ ನೋಡುತ್ತ, ಹಳೆಯ ಅಭ್ಯಾಸದಲ್ಲಿ, "ಆಂಡ್, ಬುಡ್ಲೆ" ಎಂದರು. ಬಾಗಿಲು ಮೆಲ್ಲಗೆ ಬಂದು ಮುಚ್ಚಿಕೊಂಡಿತು.

ನನಗೆ ಹೆದರಿಕೆಯಾಗಲಿಲ್ಲ. ಆದರೆ ಕೈಯಲ್ಲಿದ್ದ ಸುತ್ತಿಗೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವರು ಡ್ಯಾಶ್‌ಬೋರ್ಡಿನ ಧೂಳನ್ನು ಸೆರಗಿನಿಂದ ಒರೆಸಿದರು. ಇಳಿಯಲು ಹೊರಟಾಗ ನಾನು ಓಡಿಹೋಗಿ ಬಾಗಿಲು ಹಿಡಿದುಕೊಂಡೆ.

"ನೀನ್ಯಾಕೆ ಹಿಡಿಯೂದು? ಈಗ ಅದೇ ನಿಲ್ತದಲ್ಲ" ಎಂದು ಅತ್ತಿಗೆ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಅವರಿಗೆ ಇಷ್ಟು ವರ್ಷ ಆಗ್ಲಿಲ್ಲ. ನೀನು ಒಂದೇ ಬೆಳಿಗ್ಗೆ ಮಾಡಿದಿ" ಎಂದರು. ಮೇಲೆ ಹೋಗಿ ಕಾಗದಕ್ಕೆ ಸಹಿ ಹಾಕಿದರು.

ಅವರು ಹೋದ ಮೇಲೆ ನಾನು ಪರೀಕ್ಷೆ ಮಾಡದೆ ಬಿಡಲಿಲ್ಲ. ಅದೇ ಬಾಗಿಲನ್ನು ಅಷ್ಟೇ ತೆರೆದು ಕೈ ಬಿಟ್ಟೆ. ದಡ್ಡೆಂದು ಬಂದು ಬಡಿಯಿತು. ಮತ್ತೆ ಬಿಟ್ಟೆ, ಮತ್ತೆ ಬಡಿಯಿತು. ಅತ್ತಿಗೆ ಕೂತ ಭಾರಕ್ಕೆ ಗಾಡಿ ವಾಲಿರಬಹುದೆಂದು ಅವರ ಸೀಟಿನಲ್ಲಿ ನಾನೇ ಕೂತು ನೋಡಿದೆ. ಆಗ ನನ್ನ ಕಾಲಿಗೂ ಬಿತ್ತು ಒಂದು ಪೆಟ್ಟು. ಕೀಲು ಬಿಗಿಯಾಗಿತ್ತು ಎನ್ನೋಣವೆಂದರೆ ಆಗಷ್ಟೇ ಎಣ್ಣೆ ಬಿಟ್ಟವನು ನಾನು. ಗಾಳಿ ಎನ್ನೋಣವೆಂದರೆ ಅಂದು ಅಲ್ಲಿ ಎಲೆ ಕೂಡ ಅಲ್ಲಾಡುತ್ತಿರಲಿಲ್ಲ. ಸೋತು, ಹೊಸ ಸ್ಟಾಪರ್ ಹಾಕಿ ಕೆಲಸ ಮುಗಿಸಿದೆ. ಸಂಜೆ ಕಾರು ನೆರೂಳಿಗೆ ಹೋಯಿತು.

ಕೆಲವು ವರ್ಷಗಳಾದವು. ಬಿಲ್ಡಿಂಗೂ ಇಲ್ಲ, ಆ ಇಳಿಜಾರೂ ಇಲ್ಲ, ಇನ್ನೊಮ್ಮೆ ಅಳೆದು ನೋಡೋಣವೆಂದರೂ ಆಗದು. ಅಂದು ನಡೆದದ್ದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕಿಂತ ಹೆಚ್ಚು ಕಾಡುವುದು ಬೇರೆ. ಟಿಟ್ವಾಳಾಕ್ಕೆ ಹೋದಾಗಲೆಲ್ಲ ಅತ್ತಿಗೆ ಬಂದವರೆದುರು ಆ ಬಾಗಿಲಿನ ಮಾತು ತೆಗೆದು, ನನ್ನ ಮೈದುನನ ಕೈಗುಣ ಅಂಥದ್ದು ಎಂದು ಹೊಗಳುತ್ತಾರೆ. ಅವರು ಕೂತಾಗ ಅದರಲ್ಲಿ ಸ್ಟಾಪರೇ ಇರಲಿಲ್ಲ ಎಂದು ನಾನು ಇನ್ನೂ ಹೇಳಿಲ್ಲ. ಅಂದು ಹೇಳಿದ್ದರೆ ಅವರು ಸಹಿ ಹಾಕುತ್ತಿರಲಿಲ್ಲ ಎಂಬುದು ಖಚಿತ. ಇವತ್ತು ಹೇಳಿದರೆ ಕಾರು ಕಳುಹಿಸಿಬಿಟ್ಟೆನಲ್ಲ ಎಂದು ಕೊರಗುತ್ತಾರೆ. ಹಾಗಾಗಿ ತಲೆ ತಗ್ಗಿಸಿ ಕಾಫಿ ಕುಡಿಯುತ್ತೇನೆ. ಅಣ್ಣನಿಗೆ ಸಲ್ಲಬೇಕಾದ ಹೊಗಳಿಕೆ ಅದು ಎಂದು ಮನಸ್ಸು ಹೇಳುತ್ತದೆ. ಇಂಥದ್ದನ್ನೆಲ್ಲ ನಂಬದ ನಾನು, ಹಾಗೆಂದು ಬಾಯಿಬಿಟ್ಟು ಹೇಳುವುದಾದರೂ ಹೇಗೆ?